ಬಾಡಿಗೆಯಲ್ಲೇ ಸಾಲದ ಕಂತು ತೀರುತ್ತದೆಯೇ?

ಪ್ರಶ್ನೆ: ಕೈಯಲ್ಲಿ ಒಂದಿಷ್ಟು ಉಳಿತಾಯವಿದೆ. ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಾಡಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟರೆ, ಬಂದ ಬಾಡಿಗೆಯಲ್ಲೇ ಕಂತು ಕಟ್ಟಿಕೊಂಡು ಹೋಗಬಹುದು ಎಂದು ಎಲ್ಲರೂ ಹೇಳುತ್ತಾರೆ. ನಿಜವೇ? ಮೊದಲ ಸಲ ಆಸ್ತಿಯ ಮೇಲೆ ಹಣ ಹಾಕುವವರು ಏನು ನೋಡಬೇಕು?

ಉತ್ತರ: ಸಾಲದ ಪಾಲು ದೊಡ್ಡದಾಗಿದ್ದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಎಷ್ಟು ಕೊರತೆ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಯಾವ ದೇಶದ ಹಣವಾದರೂ ಇರಲಿ, ಮನೆಯ ಬೆಲೆ 100 ಎಂದಿಟ್ಟುಕೊಳ್ಳಿ. ನಿಮ್ಮದು 20, ಬ್ಯಾಂಕಿನದು 80. ಬಡ್ಡಿ ಶೇ. 9, ಅವಧಿ 20 ವರ್ಷ. ಆಗ ಕಂತು ತಿಂಗಳಿಗೆ 0.72, ವರ್ಷಕ್ಕೆ ಸುಮಾರು 8.6. ಬಾಡಿಗೆ ವರ್ಷಕ್ಕೆ 5 ಬರುತ್ತದೆ ಎಂದುಕೊಳ್ಳೋಣ. ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೂ ಅದು 4.6ಕ್ಕೆ ಇಳಿಯಿತು. ಆಸ್ತಿ ತೆರಿಗೆ, ವಿಮೆ, ನಿರ್ವಹಣಾ ಶುಲ್ಕ, ಬಣ್ಣ, ಸೋರುವ ನಲ್ಲಿ, ಕೆಟ್ಟುಹೋದ ಗೀಸರ್, ಇವೆಲ್ಲಕ್ಕೂ ಸೇರಿ 1 ತೆಗೆದಿಡಿ. ಉಳಿದದ್ದು 3.6. ಕಟ್ಟಬೇಕಾದದ್ದು 8.6. ಅಂದರೆ ವರ್ಷಕ್ಕೆ 5, ತಿಂಗಳಿಗೆ 0.42, ನಿಮ್ಮ ಸಂಬಳದಿಂದಲೇ ಹೋಗಬೇಕು.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿ. ಕೈಗೆ ಬರುವ 3.6ರಲ್ಲಿ ಎಷ್ಟು ಸಾಲದ ಕಂತು ಕಟ್ಟಬಹುದು? ಸುಮಾರು 33ರದ್ದು ಮಾತ್ರ. ಬಾಡಿಗೆಯಲ್ಲೇ ಎಲ್ಲ ತೀರಬೇಕೆಂದರೆ ಬೆಲೆಯ ಮೂರರಲ್ಲಿ ಎರಡು ಪಾಲನ್ನು ನೀವೇ ಹಾಕಬೇಕಾಗುತ್ತದೆ. ನಿಮ್ಮ ಕಡೆ ಬಾಡಿಗೆ ಹೆಚ್ಚಿರಬಹುದು, ಬಡ್ಡಿ ಕಡಿಮೆ ಇರಬಹುದು. ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ. ಆದರೆ ಬಾಡಿಗೆಯ ಅಂಕಿಯನ್ನು ಮನೆ ಮಾರುವವರ ಬಾಯಿಂದ ತೆಗೆದುಕೊಳ್ಳಬೇಡಿ. ಅದೇ ಕಟ್ಟಡದಲ್ಲಿ ಈಗ ಬಾಡಿಗೆಗಿರುವ ಇಬ್ಬರು ಮೂವರನ್ನು ಕೇಳಿ. ಹಿಂದಿನ ಬಾಡಿಗೆದಾರರು ಏಕೆ ಬಿಟ್ಟರು, ಎಷ್ಟು ದಿನ ಮನೆ ಖಾಲಿ ಇತ್ತು ಎಂಬುದೂ ಅವರಿಂದಲೇ ತಿಳಿಯುತ್ತದೆ.

ಇನ್ನೊಂದು ಮಾತು. ಬ್ರೋಕರ್ "ಶೇ. 5 ಆದಾಯ" ಎನ್ನುವುದು 5ನ್ನು 100ರಿಂದ ಭಾಗಿಸಿ. ನೋಂದಣಿ, ಮುದ್ರಾಂಕ ಶುಲ್ಕ, ವಕೀಲರು, ದಲ್ಲಾಳಿ ಎಂದು ಇನ್ನೂ 7 ಖರ್ಚಾಗಿದ್ದರೆ ಮನೆ ನಿಮಗೆ ಬಿದ್ದದ್ದು 107ಕ್ಕೆ. ಕೈಗೆ ಸಿಕ್ಕಿದ್ದು 3.6. ನಿಜವಾದ ಆದಾಯ ಶೇ. 3.4ರ ಆಸುಪಾಸು.

ಹಾಗಾದರೆ ಆ ಕೊರತೆಯ 5 ಪೂರ್ತಿ ನಷ್ಟವೇ? ಅಲ್ಲ, ಅದನ್ನೂ ಹೇಳಲೇಬೇಕು. ಮೊದಲ ವರ್ಷದ ಕಂತಿನಲ್ಲಿ ಸುಮಾರು 1.5 ಅಸಲಿಗೆ ಹೋಗುತ್ತದೆ, ಅದು ನಿಮ್ಮದೇ ಗಂಟು. ಉಳಿದ 3.5 ಮಾತ್ರ ಹೋದದ್ದು. ಆದ್ದರಿಂದ ಮನೆಯ ಬೆಲೆ ಆ ವರ್ಷ ಶೇ. 3.5ರಷ್ಟು ಏರಿದರೆ ಆ ವರ್ಷದ ಮಟ್ಟಿಗೆ ಸರಿಸಮ, ಅದೂ ಕೊಳ್ಳುವಾಗಿನ ಖರ್ಚನ್ನೂ ನಿಮ್ಮ 20ಕ್ಕೆ ಬೇರೆ ಕಡೆ ಸಿಗಬಹುದಾಗಿದ್ದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯದೆ. ಹೀಗೆ ನೋಡಿದರೆ ನೀವು ಕೊಳ್ಳುತ್ತಿರುವುದು ಬಾಡಿಗೆಯ ಆದಾಯಕ್ಕಿಂತ ಹೆಚ್ಚಾಗಿ ಬೆಲೆ ಏರುವ ಭರವಸೆಯನ್ನು. ಇದು ತಪ್ಪಲ್ಲ, ಆದರೆ ಗೊತ್ತಿದ್ದೇ ಕೊಳ್ಳಬೇಕು.

ಬೆಲೆ ಏರಿಯೇ ಏರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜಪಾನಿನ ನಗರಗಳಲ್ಲಿ ಜಮೀನಿನ ಬೆಲೆ 1991ರ ಸುಮಾರಿಗೆ ತುದಿ ಮುಟ್ಟಿ, ಆಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರಿಂದ 2012ರ ನಡುವೆ ಮನೆಗಳ ಬೆಲೆ ಸರಾಸರಿ ಕಾಲು ಭಾಗದಷ್ಟು ಕುಸಿಯಿತು. 20 ಹಾಕಿ 100ರ ಮನೆ ಕೊಂಡವರಿಗೆ ಬೆಲೆ 10 ಏರಿದರೆ ಹಾಕಿದ ಹಣದ ಅರ್ಧದಷ್ಟು ಲಾಭ. 10 ಇಳಿದರೆ ಹಾಕಿದ್ದರಲ್ಲಿ ಅರ್ಧ ಹೋಯಿತು. 25 ಇಳಿದರೆ, ಮೊದಲ ವರ್ಷಗಳಲ್ಲಿ, ಮನೆ ಮಾರಿದರೂ ಸಾಲ ತೀರದು. ಮಾರುವುದೂ ಸುಲಭವಲ್ಲ. ದುಡ್ಡಿನ ಅಡಚಣೆ ಬಂತೆಂದು ಒಂದು ಕೋಣೆಯನ್ನಷ್ಟೇ ಮಾರಲಾಗುತ್ತದೆಯೇ? ಒಳ್ಳೆಯ ಬೆಲೆಗೆ ಕೊಳ್ಳುವವರು ಸಿಗುವತನಕ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೇ ಐದಾರು ವರ್ಷದೊಳಗೆ ಬೇಕಾಗುವ ಹಣವನ್ನು ಮನೆಗೆ ಹಾಕಬೇಡಿ ಎನ್ನುವುದು.

ಸಾಲದ ನಡೆಯೂ ಗೊತ್ತಿರಲಿ. ಮೇಲಿನ 20 ವರ್ಷದ ಸಾಲದಲ್ಲಿ ಅರ್ಧ ಅಸಲು ತೀರುವ ಹೊತ್ತಿಗೆ 14 ವರ್ಷ ಕಳೆದಿರುತ್ತದೆ. ಬಡ್ಡಿ ದರ ಬದಲಾಗುವ ಸಾಲವಾದರೆ, ಆರಂಭದಲ್ಲೇ ದರ ಶೇ. 9ರಿಂದ 10ಕ್ಕೆ ಹೋಗಿ, ಕಂತು ಮಾತ್ರ ಹಾಗೇ ಉಳಿದರೆ ಅವಧಿ 26 ವರ್ಷ ದಾಟುತ್ತದೆ. ಕಂತು ಏರಲಿಲ್ಲವಲ್ಲ ಎಂದು ನೆಮ್ಮದಿಯಿಂದಿರುವಾಗಲೇ ಆರು ವರ್ಷ ಸೇರಿಕೊಂಡಿರುತ್ತದೆ. ಸಾಲದ ಕರಾರಿಗೆ ಸಹಿ ಹಾಕುವ ಮುನ್ನ, ದರ ಏರಿದರೆ ಕಂತು ಹೆಚ್ಚುತ್ತದೆಯೋ ಅವಧಿ ಹೆಚ್ಚುತ್ತದೆಯೋ ಎಂದು ಬಾಯಿಬಿಟ್ಟು ಕೇಳಿ.

ಕಾಗದಪತ್ರಗಳ ವಿಷಯ ಚುಟುಕಾಗಿ: ವಕೀಲರು ನಿಮ್ಮವರೇ ಆಗಿರಲಿ. ಮಾರುವವರು ತೋರಿಸಿದವರು ಬೇಡ. "ಬ್ಯಾಂಕ್ ಸಾಲ ಕೊಟ್ಟಿದೆ, ಇನ್ನೇನು ಭಯ" ಎಂಬ ಮಾತಿಗೂ ಮರುಳಾಗಬೇಡಿ; ಬ್ಯಾಂಕ್ ನೋಡುವುದು ತನ್ನ ಸಾಲ ಸುರಕ್ಷಿತವೇ ಎಂಬುದನ್ನು. ಮಾಲೀಕತ್ವ ಕೈಯಿಂದ ಕೈಗೆ ಬಂದ ಸರಪಳಿ ಎಲ್ಲೂ ತುಂಡಾಗಿಲ್ಲವೇ, ಆಸ್ತಿಯ ಮೇಲೆ ಹಳೆಯ ಸಾಲವೋ ದಾವೆಯೋ ಇದೆಯೇ, ಕಟ್ಟಡ ಮಂಜೂರಾದ ನಕ್ಷೆಯಂತೆಯೇ ಇದೆಯೇ, ಈ ಮೂರಕ್ಕೆ ಬರಹದಲ್ಲಿ ಉತ್ತರ ಸಿಗುವತನಕ ಮುಂಗಡ ಕೊಡಬೇಡಿ. ಮನೆಯನ್ನು ಒಮ್ಮೆಯಾದರೂ ಜೋರು ಮಳೆಯ ದಿನ ನೋಡಿ. ಬಿಸಿಲಿನಲ್ಲಿ ಕಾಣದ ಸೋರಿಕೆ, ದಾರಿಯಲ್ಲಿ ನಿಲ್ಲುವ ನೀರು ಅವತ್ತು ಕಾಣುತ್ತದೆ.

ಇಷ್ಟೆಲ್ಲ ನೋಡಿಯೂ ಕೊಳ್ಳುವ ಮನಸ್ಸಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ 6 ತಿಂಗಳು, ಸಂಬಳ ಬಂದ ದಿನವೇ, ನಿಮ್ಮ ಲೆಕ್ಕದಲ್ಲಿ ಬಂದ ಕೊರತೆಯ ಮೊತ್ತವನ್ನು, ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 0.42, ಬೇರೊಂದು ಖಾತೆಗೆ ಹಾಕುತ್ತಾ ಹೋಗಿ, ಅದನ್ನು ಮುಟ್ಟಬೇಡಿ. ಮನೆಯ ಖರ್ಚು ಬಿಗಿಯಾಗದೆ ಆರು ತಿಂಗಳು ಸಾಗಿದರೆ ಆ ಕಂತಿನ ಭಾರ ನಿಮಗೆ ತಡೆಯುತ್ತದೆ ಎಂದು ತಿಳಿಯಿರಿ. ಆ ಖಾತೆಯಲ್ಲಿ ಅಷ್ಟೊತ್ತಿಗೆ 2.5ರಷ್ಟು ಸೇರಿರುತ್ತದೆ. ಬಾಡಿಗೆದಾರರಿಲ್ಲದೆ ಮೂರು ತಿಂಗಳು ಮನೆ ಖಾಲಿ ಬಿದ್ದರೂ ಪೂರ್ತಿ ಕಂತು ಕಟ್ಟಲು ಅದು ಸಾಕಾಗುತ್ತದೆ.