ಕೈ ಚಾಚಿ ಬಾಯಿ ಮುಚ್ಚಿಕೊಂಡ ರೋಗಿ

ಚೀನೀ ವೈದ್ಯ ಪದ್ಧತಿಯ ಡಾಕ್ಟರ ಮೇಜಿನ ಮೇಲೆ ಒಂದು ಪುಟ್ಟ ದಿಂಬು ಇರುತ್ತದೆ. ರೋಗಿ ಅದರ ಮೇಲೆ ಕೈ ಇಡಬೇಕು. ವೈದ್ಯರು ಮಣಿಕಟ್ಟಿಗೆ ಮೂರು ಬೆರಳು ಊರುತ್ತಾರೆ. ಕೆಲವು ರೋಗಿಗಳು ಆಗ ತುಟಿಯನ್ನೇ ಬಿಚ್ಚುವುದಿಲ್ಲ. ನಾಡಿ ಹಿಡಿದ ಮೇಲೆ ಅವರಿಗೇ ಗೊತ್ತಾಗಬೇಕಲ್ವಾ, ನಾನ್ಯಾಕೆ ಹೇಳಲಿ? ನಮ್ಮ ಕಡೆ ನಾಡಿ ನೋಡುವ ಪಂಡಿತರೂ ಈ ಪರೀಕ್ಷೆಗೆ ಕೂರಬೇಕಾಗುತ್ತದೆ.

ಇದು ಹಳೇ ಚಾಳಿ. ಚೀನಾದ ಸಾಂಗ್ ರಾಜವಂಶದ ಕಾಲದ ಕವಿ ಸು ಶಿ (1037–1101) ಇದನ್ನು ಕಂಡು ರೇಗಿದ್ದ. ದೊಡ್ಡ ಮನುಷ್ಯರು ಕಾಯಿಲೆ ಮುಚ್ಚಿಟ್ಟು ವೈದ್ಯನ ಜಾಣತನ ಅಳೆಯುತ್ತಾರೆ, ನಾನಂತೂ ಎಲ್ಲ ಹೇಳಿಬಿಟ್ಟೇ ಕೈ ಕೊಡುತ್ತೇನೆ, ನನಗೆ ಬೇಕಿರುವುದು ವಾಸಿಯಾಗುವುದು, ವೈದ್ಯನನ್ನು ಸಿಕ್ಕಿಸುವುದಲ್ಲ ಎಂದು ಬರೆದ. ಹಾಗಾಗಿ ಸಾಧಾರಣ ವೈದ್ಯನ ಕೈಯಲ್ಲೂ ನನಗೆ ಗುಣವಾಗುತ್ತದೆ ಅಂದ. 'ಸಾಧಾರಣ ವೈದ್ಯ' ಅನ್ನಲು ಅವನು ಬಳಸಿದ್ದು 'ಜೊಂಗ್ ಯಿ' ಎಂಬ ಪದ. ಇವತ್ತು ಅದೇ ಪದಕ್ಕೆ 'ಚೀನೀ ವೈದ್ಯ' ಎಂದರ್ಥ!

ಶಾಸ್ತ್ರವೂ ಅವನ ಪರವೇ. ನೋಡು, ಕೇಳಿಸಿಕೋ (ಮೂಸುವುದೂ ಇದರಲ್ಲೇ ಬಂತು), ಪ್ರಶ್ನೆ ಕೇಳು, ಮುಟ್ಟು: ಪರೀಕ್ಷೆಗಳು ನಾಲ್ಕು. ನಾಡಿಯ ಸರದಿ ಕೊನೆಗೆ. ಮುಂದೆ ಮಿಂಗ್ ರಾಜವಂಶದ ಕಾಲದ ವೈದ್ಯ ಜಾಂಗ್ ಜಿಂಗ್ಯುಯೆ ಏನೇನು ಕೇಳಬೇಕು ಎಂದು ಹತ್ತು ಅಂಶಗಳ ಪದ್ಯವನ್ನೇ ಕಟ್ಟಿದ. ಚಳಿಯೋ ಜ್ವರವೋ, ಬೆವರು ಹೇಗೆ, ತಲೆ ಮೈ ನೋವುಂಟೋ, ಮಲ ಮೂತ್ರ ಸರಿಯೋ, ಊಟ ಸೇರುತ್ತಿದೆಯೋ... ಹೀಗೆ ಸಾಗುತ್ತದೆ.

ಯಾಕೆ ಇಷ್ಟು ಪ್ರಶ್ನೆ? ಇದೇ ನನಗೆ ಇಷ್ಟವಾದ ಭಾಗ. 'ಜಾರು ನಾಡಿ' ಅಂತ ಒಂದಿದೆ. ತಟ್ಟೆಯಲ್ಲಿ ಮುತ್ತು ಉರುಳಿದ ಹಾಗೆ ಬೆರಳಡಿ ನುಣ್ಣಗೆ ಜಾರುತ್ತದಂತೆ. ಬಸುರಿಯರಲ್ಲಿ ಇದು ಸಿಗುತ್ತದೆ ಎನ್ನುತ್ತಾರೆ. ಗರ್ಭ ಬೆಳೆದಂತೆ ರಕ್ತದ ಪ್ರಮಾಣ ಶೇಕಡಾ 40–50ರಷ್ಟು ಹೆಚ್ಚುವುದರಿಂದ ನಾಡಿ ಬದಲಾದರೆ ಆಶ್ಚರ್ಯವೇನಿಲ್ಲ. ಆದರೆ ಕಫ ಕಟ್ಟಿದರೂ, ಅಜೀರ್ಣವಾದರೂ ಅದೇ ನಾಡಿ ಎಂದು ಅದೇ ಶಾಸ್ತ್ರ ಹೇಳುತ್ತದೆ. ಆರೋಗ್ಯವಂತ ಹರೆಯದವರಲ್ಲೂ ಇರುತ್ತದೆ. ಪಕ್ಕದ ಮನೆ ಕುಕ್ಕರ್ ಕೂಗಿತು, ಒಳಗಿರುವುದು ಅನ್ನವೋ ಬೇಳೆಯೋ? ಸೀಟಿ ಹೇಳುವುದಿಲ್ಲ, ಇಟ್ಟವರನ್ನೇ ಕೇಳಬೇಕು. ಬಾಗಿಲು ಬಡಿದ ಸದ್ದು ಬೆಳಗ್ಗೆ ಆರಕ್ಕಾದರೆ ಹಾಲಿನವನು, ರಾತ್ರಿ ಎರಡಕ್ಕಾದರೆ ಎದೆ ಧಸಕ್ಕೆನ್ನುತ್ತದೆ. ಸದ್ದು ಒಂದೇ. 'ಮುಟ್ಟು ಎಷ್ಟು ದಿನ ತಡವಾಗಿದೆ?' ಎಂಬ ಒಂದು ಪ್ರಶ್ನೆ ಮೂರು ಬೆರಳಿಗಿಂತ ಜಾಸ್ತಿ ಹೇಳಿಬಿಡುತ್ತದೆ.

2014ರಲ್ಲಿ ಬೀಜಿಂಗ್‌ನ ಆಧುನಿಕ ವೈದ್ಯರೊಬ್ಬರು ಸವಾಲು ಹಾಕಿದರು: ಬರೀ ನಾಡಿಯಿಂದ ಗರ್ಭ ಇದೆಯೋ ಇಲ್ಲವೋ ಹೇಳಿ, ಶೇಕಡಾ 80 ಸರಿಯಾದರೆ 50,000 ಯುವಾನ್. ಚೀನೀ ವೈದ್ಯರೊಬ್ಬರು ಒಪ್ಪಿದರು. ಪಂದ್ಯ ಮಾತ್ರ ನಡೆಯಲೇ ಇಲ್ಲ.

ಇನ್ನು ಬಾಯಿ ಬಿಟ್ಟ ರೋಗಿಯ ಕಥೆ. ಅವನು ತಾನೇ ಕಾಯಿಲೆಗೆ ಹೆಸರಿಟ್ಟುಕೊಂಡು ಬರುತ್ತಾನೆ. 'ಶಾಂಗ್ ಹುವೊ', ಅಂದರೆ ಬೆಂಕಿ ಮೇಲೇರಿದೆ. ಬಾಯಿಹುಣ್ಣು, ಮೊಡವೆ, ಗಂಟಲು ಉರಿ, ಮೊನ್ನೆ ಕರಿದ ತಿಂಡಿ ತಿಂದೆ. ನಮ್ಮ 'ಉಷ್ಣ ಆಗಿದೆ' ಇದ್ದ ಹಾಗೆ! ಇಲ್ಲಿ ಇಬ್ಬರಿಗೂ ಮಾತು ಸಲೀಸು.

ಎಡವಟ್ಟಾಗುವುದು 'ಶೆನ್ ಶು'ನಲ್ಲಿ. ಅಕ್ಷರಶಃ ಅರ್ಥ 'ಮೂತ್ರಪಿಂಡ ಸೋತಿದೆ'. ಆದರೆ ಈ ಪದ್ಧತಿಯ 'ಮೂತ್ರಪಿಂಡ' ಅಂದರೆ ಬೆಳವಣಿಗೆ, ಸಂತಾನಶಕ್ತಿ, ಮೂಳೆ ಎಲ್ಲ ಸೇರಿದ ಒಂದು ಕಲ್ಪನೆ. ಸೊಂಟ ನೋವು, ಸುಸ್ತು ಅಂದವನಿಗೂ ಈ ಹೆಸರು ಬೀಳಬಹುದು. ಅವನು ಗಾಬರಿಯಾಗಿ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿದರೆ ವರದಿ ನಾರ್ಮಲ್ ಬರಬಹುದು. ನನಗೆ ಹೆದರಿಕೆ ಇನ್ನೊಬ್ಬನ ಬಗ್ಗೆ. ನಿಜವಾದ ಮೂತ್ರಪಿಂಡಕ್ಕೇ ತೊಂದರೆಯಾಗಿರಬಹುದು ಎನ್ನುವಂತೆ ಮುಖ, ಕಾಲು ಊದಿಕೊಂಡಿದ್ದರೂ 'ಶೆನ್ ಶು ಅಷ್ಟೇ' ಅಂದುಕೊಂಡು, ರಕ್ತ ಪರೀಕ್ಷೆಗೇ ಹೋಗದೆ ಮನೆಯಲ್ಲಿ ಕಷಾಯ ಕಾಯಿಸುತ್ತಾ ಕೂತವನ ಬಗ್ಗೆ.