ಸಬ್‌ಮರೀನ್ ಕಾಣೆಯಾದಾಗ ಮೊದಲು ಕೇಳಬೇಕಾದ್ದು ಆಮ್ಲಜನಕದ ಲೆಕ್ಕವಲ್ಲ

ಟೈಟಾನಿಕ್ ಹಡಗಿನ ಅವಶೇಷ ನೋಡಲು ಐವರನ್ನು ಹೊತ್ತು ಅಟ್ಲಾಂಟಿಕ್ ಸಾಗರಕ್ಕಿಳಿದ ‘ಟೈಟನ್’ ಎಂಬ ಪುಟ್ಟ ಸಬ್‌ಮರೀನ್ 2023ರ ಜೂನ್ 18ರಂದು ಸಂಪರ್ಕ ಕಳೆದುಕೊಂಡಿತು. ಒಳಗೆ 96 ತಾಸಿಗೆ ಸಾಲುವಷ್ಟು ಆಮ್ಲಜನಕ ಇದೆ ಎಂದು ಹೇಳಿದ್ದೇ ತಡ, ಟಿವಿ ವಾಹಿನಿಗಳು ಅದನ್ನೇ ಹಿಡಿದುಕೊಂಡವು. ಎಪ್ಪತ್ತು ತಾಸು ಉಳಿದಿದೆ, ನಲವತ್ತು ಉಳಿದಿದೆ, ಹತ್ತು ಉಳಿದಿದೆ. ಆ ವಾರ ವಿಜಯಪುರದ ಚಹಾದಂಗಡಿಗಳಲ್ಲೂ ಅದೇ ಮಾತು: ‘ಇನ್ನ ಎಷ್ಟ್ ತಾಸಿನ ಗಾಳಿ ಐತಿ?’

ಕಡಲಿನಿಂದ ಇಷ್ಟು ದೂರದ ಬಯಲು ನಾಡಿನವರಿಗೆ ಈ ಪ್ರಶ್ನೆ ಹೊಸದಲ್ಲ. 2014ರ ಜೂನ್‌ನಲ್ಲಿ ನಾಗಠಾಣದಲ್ಲಿ, 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಪುಟ್ಟ ಬಾಲಕಿಯರು ತೆರೆದ ಕೊಳವೆಬಾವಿಗೆ ಬಿದ್ದರು. ಜೆಸಿಬಿ, ಹಿಟಾಚಿ, ಕಲ್ಲು ಕೊರೆಯುವ ಯಂತ್ರ ಎಲ್ಲ ಬಂದವು, ಇಬ್ಬರೂ ಉಳಿಯಲಿಲ್ಲ. 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಮಾತ್ರ ಸುಮಾರು 20 ತಾಸಿನ ನಂತರ ಜೀವಂತವಾಗಿ ಮೇಲೆ ಬಂತು. ಕೊಳವೆಯೊಳಗೆ ಆಮ್ಲಜನಕದ ಪೈಪು ಇಳಿಸಿದ್ದರು, ನಿಜ. ಆದರೆ ಅದಕ್ಕಿಂತ ಮೊದಲು ಮಗು ಯಾವ ಕೊಳವೆಯಲ್ಲಿದೆ, ಎಷ್ಟು ಅಡಿಯಲ್ಲಿದೆ ಎಂಬುದು ಗೊತ್ತಿತ್ತು. ಹದಿನಾರು ಅಡಿ ಆಸುಪಾಸಿನಲ್ಲಿ ಸಿಕ್ಕಿಕೊಂಡಿದ್ದರಿಂದ ಪಕ್ಕದಲ್ಲಿ ಗುಂಡಿ ತೋಡಿ ತಲುಪುವುದು ಸಾಧ್ಯವಿತ್ತು. ಕ್ಯಾಮೆರಾದಲ್ಲಿ ಕಾಲು ಅಲುಗಾಡುವುದು ಕಾಣುತ್ತಿತ್ತು.

ಕಾಣೆಯಾದ ಸಬ್‌ಮರೀನಿನ ವಿಷಯದಲ್ಲೂ ಕೇಳಬೇಕಾದ್ದು ಇವೇ: ಎಲ್ಲಿದೆ, ಎಷ್ಟು ಆಳದಲ್ಲಿದೆ, ಒಳಗೆ ಯಾರಾದರೂ ಬದುಕಿರುವ ಗುರುತು ಇದೆಯೇ. ಆಮ್ಲಜನಕದ ಲೆಕ್ಕ ಆಮೇಲಿನದು. ಕಳೆದ ಎಂಟು ದಶಕಗಳ ಇತಿಹಾಸ ತೆಗೆದು ನೋಡಿದರೆ, ಮೊದಲ ಎರಡಕ್ಕೆ ಉತ್ತರ ಸಿಗದ ಕಡೆ ಮೂರನೆಯದನ್ನು ಕೇಳುವ ಹೊತ್ತಿಗೆ ಎಲ್ಲ ಮುಗಿದಿರುವುದೇ ಹೆಚ್ಚು.

ಈ ಕಥೆಯನ್ನು 1939ರಿಂದ ಶುರು ಮಾಡುವುದು ಒಳ್ಳೆಯದು. ಆ ವರ್ಷ ಹತ್ತು ದಿನದೊಳಗೆ ಎರಡು ಸಬ್‌ಮರೀನ್‌ಗಳು ಮುಳುಗಿದವು. ಮೇ 23ರಂದು ಅಮೆರಿಕದ ‘ಸ್ಕ್ವಾಲಸ್’ ನ್ಯೂ ಹ್ಯಾಂಪ್‌ಶೈರ್ ಕರಾವಳಿಯಾಚೆ ಪರೀಕ್ಷಾರ್ಥ ಮುಳುಗುತ್ತಿದ್ದಾಗ ಎಂಜಿನ್ನಿಗೆ ಗಾಳಿ ತರುವ ಕವಾಟ ಮುಚ್ಚದೆ ಹಿಂಭಾಗದ ಕೋಣೆಗಳಿಗೆ ನೀರು ನುಗ್ಗಿತು. ಒಳಗಿದ್ದ 59 ಮಂದಿಯಲ್ಲಿ 26 ಮಂದಿ ಅಲ್ಲೇ ಸತ್ತರು. ಉಳಿದ 33 ಮಂದಿ 74 ಮೀಟರ್ ಆಳದಿಂದ ಟೆಲಿಫೋನ್ ಕಟ್ಟಿದ ತೇಲುಗುರುತೊಂದನ್ನು ಮೇಲಕ್ಕೆ ಬಿಟ್ಟರು, ಹೊಗೆಯ ರಾಕೆಟ್ ಹಾರಿಸಿದರು. ಹುಡುಕಿಕೊಂಡು ಬಂದ ಜೊತೆಯ ಸಬ್‌ಮರೀನ್ ‘ಸ್ಕಲ್ಪಿನ್’ ಅದನ್ನು ಕಂಡಿತು. ತಂತಿ ಕಡಿದುಹೋಗುವ ಮೊದಲು ಇಬ್ಬರು ಕ್ಯಾಪ್ಟನ್‌ಗಳ ನಡುವೆ ಒಂದಿಷ್ಟು ಮಾತೂ ನಡೆಯಿತು. ಜಾಗ ಗೊತ್ತಾದ ಮೇಲೆ ಚಾರ್ಲ್ಸ್ ಮೊಮ್ಸೆನ್ ನೇತೃತ್ವದ ತಂಡ ಗಂಟೆಯಾಕಾರದ ಉಕ್ಕಿನ ಕೋಣೆಯೊಂದನ್ನು ತಂತಿಯ ಆಧಾರದಲ್ಲಿ ಇಳಿಸಿ, ಸಬ್‌ಮರೀನಿನ ಬಾಗಿಲ ಮೇಲೆ ಕೂರಿಸಿ, ನಾಲ್ಕು ಸುತ್ತಿನಲ್ಲಿ 33 ಮಂದಿಯನ್ನೂ ಮೇಲೆ ತಂದಿತು. ಇಂದಿನ ರಕ್ಷಣಾ ವಾಹನಗಳೂ ಮೂಲತಃ ಮಾಡುವುದು ಇದನ್ನೇ.

ಜೂನ್ 1ರಂದು ಬ್ರಿಟನ್ನಿನ ‘ಥೆಟಿಸ್’ ಲಿವರ್‌ಪೂಲ್ ಬಳಿ ಮುಳುಗಿತು. ಟಾರ್ಪಿಡೊ (ನೀರೊಳಗೆ ಸಾಗಿ ಸಿಡಿಯುವ ಅಸ್ತ್ರ) ಹಾರಿಸುವ ಕೊಳವೆಯಲ್ಲಿ ನೀರಿದೆಯೇ ಎಂದು ನೋಡುವ ಸಣ್ಣ ರಂಧ್ರ ಬಣ್ಣ ಮೆತ್ತಿ ಮುಚ್ಚಿಹೋಗಿತ್ತು. ನೀರಿಲ್ಲವೆಂದು ನಂಬಿ ಒಳಬಾಗಿಲು ತೆರೆದರು. ಹೊರಬಾಗಿಲು ಅದಾಗಲೇ ತೆರೆದಿತ್ತು. ಮೂತಿ ತಳಕ್ಕೆ ತಾಗಿತು, ಬಾಲ ಮಾತ್ರ ನೀರಿನ ಮೇಲೆ ಎದ್ದು ನಿಂತಿತ್ತು. ಸುತ್ತ ಹಡಗುಗಳಿದ್ದವು, ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆದರೂ ಒಳಗಿದ್ದ 103 ಮಂದಿಯಲ್ಲಿ ಹೊರಬಂದು ಬದುಕಿದವರು ನಾಲ್ವರು. ಮೊದಲ ಪರೀಕ್ಷೆಯ ದಿನವಾದ್ದರಿಂದ ಹಡಗುಕಟ್ಟೆಯ ಕೆಲಸಗಾರರೂ ಹತ್ತಿದ್ದರು. ಮಾಮೂಲಿ ಸಿಬ್ಬಂದಿಯ ಹತ್ತಿರತ್ತಿರ ಎರಡರಷ್ಟು ಜನ ಅದೇ ಗಾಳಿಯನ್ನು ಉಸಿರಾಡುತ್ತಿದ್ದರು.

ಥೆಟಿಸ್‌ನಲ್ಲಿ ಹೆಚ್ಚಿನವರನ್ನು ಕೊಂದದ್ದು ಅವರದೇ ಉಸಿರು. ಮುಚ್ಚಿದ ಜಾಗದಲ್ಲಿ ಆಮ್ಲಜನಕ ತೀರುವುದಕ್ಕೆ ಮೊದಲೇ ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇ 0.04ರಷ್ಟು. ಶೇ 3 ದಾಟಿದರೆ ಏದುಸಿರು, ತಲೆನೋವು. ಶೇ 10ರ ಹತ್ತಿರ ಬಂದರೆ ಪ್ರಜ್ಞೆ ತಪ್ಪುತ್ತದೆ. ಅದಕ್ಕೂ ಮೊದಲೇ ಬುದ್ಧಿ ಮಂಕಾಗಿ, ಬಾಗಿಲು ತೆರೆಯುವ ಕ್ರಮವೂ ನೆನಪಿಗೆ ಬರದಂತಾಗುತ್ತದೆ. ಹಾಗಾಗಿ ಸಬ್‌ಮರೀನ್‌ಗಳಲ್ಲಿ ಆಮ್ಲಜನಕ ಕೊಡುವ ‘ಕ್ಯಾಂಡಲ್’ಗಳ ಜೊತೆಗೆ, ಈ ಅನಿಲವನ್ನು ಹೀರಿಕೊಳ್ಳುವ ಲಿಥಿಯಂ ಹೈಡ್ರಾಕ್ಸೈಡ್ ಅಥವಾ ಸೋಡಾ ಲೈಮ್ ಇಟ್ಟಿರುತ್ತಾರೆ. ಅಲುಗಾಡದೆ, ಮಾತಾಡದೆ ಮಲಗಿರಿ ಎಂದು ಕಲಿಸುತ್ತಾರೆ. ಕಡಲ ತಳದ ಚಳಿ ಬೇರೆ. ‘96 ತಾಸು’ ಎಂಬ ಸಂಖ್ಯೆ ಇದೆಲ್ಲ ನೆಟ್ಟಗಿದ್ದರೆ ಮಾತ್ರ ನಿಲ್ಲುವಂಥದ್ದು.

ಇವೆಲ್ಲಕ್ಕಿಂತ ದೊಡ್ಡದು ನೀರಿನ ಭಾರ. ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ಸಬ್‌ಮರೀನಿನ ಉಕ್ಕಿನ ಒಡಲು ಕೆಲವು ನೂರು ಮೀಟರ್‌ವರೆಗೆ ತಾಳುತ್ತದೆ. ಅದರಾಚೆ ಕ್ಷಣಾರ್ಧದಲ್ಲಿ ನಜ್ಜುಗುಜ್ಜು. 1963ರ ಏಪ್ರಿಲ್ 10ರಂದು ಅಮೆರಿಕದ ಅಣುಶಕ್ತಿ ಸಬ್‌ಮರೀನ್ ‘ಥ್ರೆಷರ್’ 129 ಮಂದಿಯೊಂದಿಗೆ ಹೀಗೆ ಹೋಯಿತು; ಅವಶೇಷ ಬಿದ್ದದ್ದು ಸುಮಾರು 2,600 ಮೀಟರ್ ಆಳದಲ್ಲಿ. 1968 ಇನ್ನೂ ಕೆಟ್ಟ ವರ್ಷ: ಇಸ್ರೇಲಿನ ‘ಡಾಕರ್’, ಫ್ರಾನ್ಸಿನ ‘ಮಿನರ್ವ್’, ಸೋವಿಯತ್ತಿನ ‘ಕೆ-129’, ಅಮೆರಿಕದ ‘ಸ್ಕಾರ್ಪಿಯನ್’ ಐದು ತಿಂಗಳೊಳಗೆ ಒಂದರ ಹಿಂದೊಂದು ಇಲ್ಲವಾದವು. ಡಾಕರ್ ಸಿಕ್ಕಿದ್ದು 1999ರಲ್ಲಿ, ಮಿನರ್ವ್ 2019ರಲ್ಲಿ. ಅರ್ಧ ಶತಮಾನ ಕಾದ ಮನೆಗಳಿಗೆ ಸಿಕ್ಕಿದ್ದು ಜಾಗದ ಗುರುತು ಮಾತ್ರ.

ಇಷ್ಟು ತಡವೇಕೆ? ರೇಡಿಯೊ ಅಲೆ ನೀರಿನಲ್ಲಿ ದೂರ ಹೋಗುವುದಿಲ್ಲ. ಮೊಬೈಲ್ ಟವರ್, ಜಿಪಿಎಸ್ ಯಾವುದೂ ಅಲ್ಲಿ ಉಪಯೋಗಕ್ಕಿಲ್ಲ. ದೂರ ಹೋಗುವುದು ಶಬ್ದ ಒಂದೇ, ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ. ಹಾಗಾಗಿ ಹುಡುಕುವವರು ಮೊದಲು ಕಿವಿಗೊಡುತ್ತಾರೆ, ಆಮೇಲೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಸೋನಾರ್‌ನಿಂದ ತಳವನ್ನು ಪಟ್ಟಿ ಪಟ್ಟಿಯಾಗಿ ಜಾಲಾಡುತ್ತಾರೆ. ಒಳಗಿನವರು ಸುತ್ತಿಗೆಯಿಂದ ಒಡಲನ್ನು ಬಡಿಯುತ್ತಿರಬಹುದು ಎಂಬ ಆಸೆ ಪ್ರತಿ ಸಲವೂ ಹುಟ್ಟುತ್ತದೆ. ಟೈಟನ್ ಹುಡುಕಾಟದಲ್ಲೂ ಬಡಿತದ ಸದ್ದು ಕೇಳಿತೆಂದು ಜಗತ್ತೇ ಉಸಿರು ಬಿಗಿಹಿಡಿದಿತ್ತು. ಆ ಸದ್ದಿಗೂ ಟೈಟನ್‌ಗೂ ಸಂಬಂಧವಿರಲಿಲ್ಲ.

ಸದ್ದು ನಿಜಕ್ಕೂ ಸತ್ಯ ಹೇಳಿದ್ದು ‘ಕುರ್ಸ್ಕ್’ ದುರಂತದಲ್ಲಿ. 2000ದ ಆಗಸ್ಟ್ 12ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ಅಭ್ಯಾಸದ ವೇಳೆ ರಷ್ಯಾದ ಈ ಅಣುಶಕ್ತಿ ಸಬ್‌ಮರೀನಿನ ಟಾರ್ಪಿಡೊ ಸಿಡಿಯಿತು. ಎರಡು ನಿಮಿಷ ಕಳೆದು ಉಳಿದ ಟಾರ್ಪಿಡೊಗಳೂ ಸಿಡಿದವು. ನಾರ್ವೆಯ ಭೂಕಂಪ ಮಾಪಕಗಳು ಎರಡನ್ನೂ ದಾಖಲಿಸಿದವು. ಆಳ ಬರೀ 108 ಮೀಟರ್. ಒಟ್ಟು 118 ಮಂದಿಯಲ್ಲಿ 23 ಮಂದಿ ಹಿಂಬದಿಯ ಒಂಬತ್ತನೇ ಕೋಣೆಯಲ್ಲಿ ಬದುಕಿದ್ದರು. ಲೆಫ್ಟಿನೆಂಟ್ ದಿಮಿತ್ರಿ ಕೊಲೆಸ್ನಿಕೊವ್ ಕತ್ತಲೆಯಲ್ಲೇ ಬರೆದ ಚೀಟಿಯಿಂದ ಇದು ಲೋಕಕ್ಕೆ ಗೊತ್ತಾಯಿತು. ರಷ್ಯಾದ ವಾಹನಗಳು ಮತ್ತೆ ಮತ್ತೆ ಪ್ರಯತ್ನಿಸಿ ಸೋತವು. ನಾರ್ವೆ, ಬ್ರಿಟನ್ ಆಗಲೇ ನೆರವಿಗೆ ಸಿದ್ಧವಿದ್ದರೂ ಮಾಸ್ಕೊ ಒಪ್ಪಲು ನಾಲ್ಕು ದಿನ ತೆಗೆದುಕೊಂಡಿತು. ನಾರ್ವೆಯ ಮುಳುಗುಗಾರರು ಆಗಸ್ಟ್ 21ರಂದು ಬಾಗಿಲು ತೆರೆದಾಗ ಒಳಗೆ ನೀರು ತುಂಬಿತ್ತು. ಆ 23 ಮಂದಿ ಬದುಕಿದ್ದು ಬಹುಶಃ ಕೆಲವೇ ತಾಸು. ಆಮ್ಲಜನಕ ಕೊಡುವ ರಾಸಾಯನಿಕಕ್ಕೆ ಎಣ್ಣೆ ಬೆರೆತ ನೀರು ತಾಗಿ ಬೆಂಕಿ ಹೊತ್ತಿತೆಂದು ತನಿಖೆ ಹೇಳಿತು. ಹಾಗಾದರೆ ತಡ ಮಾಡಿದ್ದರಿಂದ ಏನೂ ನಷ್ಟವಾಗಲಿಲ್ಲ ಎಂದು ಕೆಲವರು ವಾದಿಸಿದರು. ಆ ವಾದ ನನಗೆ ಒಪ್ಪಿಗೆಯಿಲ್ಲ. ಒಳಗಿನವರು ಎಷ್ಟು ತಾಸು ಬದುಕಿದ್ದರು ಎಂದು ಆ ದಿನ ಮೇಲಿದ್ದವರು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಮಾನ ಕಾಯಲು ಹೊರಟಿದ್ದರು.

ಅದರಿಂದ ಪಾಠವೂ ಆಯಿತು. ಯಾರ ಬಳಿ ಯಾವ ಯಂತ್ರವಿದೆ, ಎಷ್ಟು ಬೇಗ ಕಳಿಸಬಹುದು ಎಂದು ಹೊಂದಿಸಲು 2003ರಲ್ಲಿ ಅಂತರರಾಷ್ಟ್ರೀಯ ಸಮನ್ವಯ ಕಚೇರಿಯೊಂದು ಹುಟ್ಟಿತು. ಎರಡೇ ವರ್ಷದಲ್ಲಿ, 2005ರ ಆಗಸ್ಟ್‌ನಲ್ಲಿ, ಕಮ್ಚಾಟ್ಕಾ ಬಳಿ ರಷ್ಯಾದ ಪುಟ್ಟ ಸಬ್‌ಮರೀನ್ ‘ಎಎಸ್-28’ ಸುಮಾರು 190 ಮೀಟರ್ ಆಳದಲ್ಲಿ ಬಲೆಗೆ ಸಿಕ್ಕಿಬಿತ್ತು. ಈ ಸಲ ರಷ್ಯಾ ಬೇಗ ಕೂಗಿತು. ವಿಮಾನದಲ್ಲಿ ಬಂದ ಬ್ರಿಟಿಷ್ ಯಂತ್ರ ಬಲೆ ಕತ್ತರಿಸಿತು, ಏಳೂ ಮಂದಿ ಬದುಕಿದರು. ಅದಕ್ಕೂ ಮೊದಲು 1973ರಲ್ಲಿ ಐರ್ಲೆಂಡ್ ಆಚೆ 480 ಮೀಟರ್ ಆಳಕ್ಕೆ ಬಿದ್ದ ‘ಪೈಸೀಸ್-3’ರಿಂದ ಇಬ್ಬರನ್ನು 76 ತಾಸಿನ ನಂತರ ಎಳೆದು ತಂದಾಗ ಒಳಗೆ 12 ನಿಮಿಷದ ಆಮ್ಲಜನಕ ಉಳಿದಿತ್ತು. ಟಿವಿಯವರು ಮತ್ತೆ ಮತ್ತೆ ನೆನಪಿಸುವುದು ಈ ಘಟನೆಯನ್ನು. ಅಲ್ಲಿಯೂ ಜಾಗ ಗೊತ್ತಿತ್ತು, ಒಳಗಿನವರ ದನಿ ಕೇಳುತ್ತಿತ್ತು ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಇತ್ತೀಚಿನ ಮೂರು ಪ್ರಕರಣಗಳಲ್ಲಿ ಆ ಅದೃಷ್ಟವಿರಲಿಲ್ಲ. 2017ರ ನವೆಂಬರ್ 15ರಂದು ಅರ್ಜೆಂಟೀನಾದ ‘ಸಾನ್ ಹುವಾನ್’ 44 ಮಂದಿಯೊಂದಿಗೆ ಮಾಯವಾಯಿತು. ಗಾಳಿ ಎಳೆಯುವ ಕೊಳವೆಯಿಂದ ನೀರು ನುಗ್ಗಿ ಮುಂಭಾಗದ ಬ್ಯಾಟರಿಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿದೆ ಎಂದು ಅದು ಮೊದಲೇ ತಿಳಿಸಿತ್ತು. ಹಲವು ದೇಶಗಳ ಹಡಗು, ವಿಮಾನಗಳು ಹುಡುಕುತ್ತಿದ್ದ ವಾರದ ಬಳಿಕ ಹೊರಬಿದ್ದ ಸುದ್ದಿ: ಅಣುಪರೀಕ್ಷೆಗಳ ಮೇಲೆ ಕಣ್ಣಿಡಲು ಸಾಗರದಲ್ಲಿ ಇಟ್ಟ ಶ್ರವಣ ಕೇಂದ್ರಗಳು ಅದೇ ದಿನ ಸ್ಫೋಟದಂಥ ಸದ್ದನ್ನು ದಾಖಲಿಸಿದ್ದವು. ಒಡಲು ಸಿಕ್ಕಿದ್ದು ಒಂದು ವರ್ಷದ ನಂತರ, 907 ಮೀಟರ್ ಆಳದಲ್ಲಿ. 2021ರ ಏಪ್ರಿಲ್ 21ರಂದು ಬಾಲಿ ಬಳಿ ಇಂಡೊನೇಷ್ಯಾದ ‘ನಂಗಾಲಾ-402’ ಕಾಣೆಯಾದಾಗ 72 ತಾಸಿನ ಲೆಕ್ಕ ಶುರುವಾಯಿತು. 53 ಮಂದಿಯ ಆ ಸಬ್‌ಮರೀನ್ 838 ಮೀಟರ್ ಆಳದಲ್ಲಿ ಮೂರು ತುಂಡಾಗಿ ಸಿಕ್ಕಿತು. ಟೈಟನ್ ಸುಮಾರು 3,800 ಮೀಟರ್ ಆಳದ ತಳಕ್ಕೆ ಇಳಿಯುವ ಹಾದಿಯಲ್ಲೇ, ಸಂಪರ್ಕ ಕಡಿದ ಹೊತ್ತಿಗೇ ಒಡೆದಿತ್ತು. ಅಮೆರಿಕದ ನೌಕಾಪಡೆಯ ಉಪಕರಣಗಳು ಅಂದೇ ಆ ಸದ್ದು ಹಿಡಿದಿದ್ದವು. ಮೂರರಲ್ಲೂ ನಾವು ತಾಸು ಎಣಿಸುತ್ತಿದ್ದಾಗ ಒಳಗೆ ಉಸಿರಾಡುವವರು ಇರಲಿಲ್ಲ.

ನಂಗಾಲಾ ಹುಡುಕಾಟಕ್ಕೆ ಭಾರತವೂ ವಿಶಾಖಪಟ್ಟಣದಿಂದ ಆಳ ನೀರಿನ ರಕ್ಷಣಾ ವಾಹನ ಕಳಿಸಿತ್ತು. ಬ್ರಿಟನ್ನಿನಿಂದ ಕೊಂಡ ಇಂಥ ಎರಡು ವಾಹನಗಳು ನಮ್ಮಲ್ಲಿವೆ, ಒಂದು ಮುಂಬೈಗೆ, ಇನ್ನೊಂದು ವಿಶಾಖಪಟ್ಟಣಕ್ಕೆ. 650 ಮೀಟರ್‌ವರೆಗೆ ಇಳಿದು ಒಮ್ಮೆಗೆ 14 ಮಂದಿಯನ್ನು ತರಬಲ್ಲವು. ಮೊದಲನೆಯದು ಸೇರಿದ್ದು 2018ರ ಡಿಸೆಂಬರ್‌ನಲ್ಲಿ. 1967ರಿಂದ ಸಬ್‌ಮರೀನ್ ನಡೆಸುತ್ತಿರುವ ನೌಕಾಪಡೆಗೆ ಅಲ್ಲಿಯವರೆಗೆ ಇಂಥ ಸ್ವಂತ ವಾಹನವೇ ಇರಲಿಲ್ಲ ಎನ್ನುವುದು ಸಣ್ಣ ಮಾತಲ್ಲ. ಈ ವಾಹನ ಹೊತ್ತೊಯ್ಯುವ ಹಡಗು ‘ನಿಸ್ತಾರ್’ 2025ರ ಜುಲೈನಲ್ಲಿ ಸೇವೆಗೆ ಬಂತು. ಇಷ್ಟಿದ್ದೂ ಎಲ್ಲ ಅಪಘಾತಕ್ಕೂ ಇದು ಮದ್ದಲ್ಲ. 2013ರ ಆಗಸ್ಟ್ 14ರಂದು ‘ಸಿಂಧುರಕ್ಷಕ್’ ಮುಂಬೈ ಬಂದರಿನಲ್ಲೇ, ದಡಕ್ಕೆ ಕಟ್ಟಿದ್ದಾಗಲೇ ಸಿಡಿದು ಮುಳುಗಿತು. ಜಾಗ ಗೊತ್ತು, ಆಳವೂ ಇಲ್ಲ. 18 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ವಿಜಯಪುರದ ಸೈನಿಕ ಶಾಲೆ 1963ರಿಂದ ಮೂರೂ ಪಡೆಗಳಿಗೆ ಹುಡುಗರನ್ನು ಕಳಿಸುತ್ತ ಬಂದಿದೆ. ಬೆಳಗಾವಿ, ಬಾಗಲಕೋಟೆ ಕಡೆಯಿಂದ ನೌಕಾಪಡೆ ಸೇರುವವರೂ ಇದ್ದಾರೆ. ಅಂಥ ಮನೆಗಳಿಗೆ ಉಪಯೋಗವಾಗುವ ಲೆಕ್ಕ ಇದು: ಕಾರವಾರದಿಂದ ಮುಂಬೈವರೆಗೆ ಅರಬ್ಬಿ ಸಮುದ್ರದ ತಳ ದಡದಿಂದ ಬಹುದೂರದವರೆಗೆ 200 ಮೀಟರ್ ಕೂಡ ಇಳಿಯುವುದಿಲ್ಲ. ಅಲ್ಲಿ ಕೆಟ್ಟು ತಳ ಸೇರಿದ ಸಬ್‌ಮರೀನಿನ ಒಡಲು ಉಳಿಯುವ, ರಕ್ಷಣಾ ವಾಹನ ಮುಟ್ಟುವ ಸಾಧ್ಯತೆ ಇದೆ. ಅಲ್ಲಿ ತಾಸು ಎಣಿಸುವುದಕ್ಕೆ ಅರ್ಥವಿದೆ. ವಿಶಾಖಪಟ್ಟಣದ ಎದುರು ತಳ ಬೇಗ ಜಾರಿ ಸಾವಿರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಅಲ್ಲಿ ಎಂಜಿನ್ ನಿಂತು, ತೊಟ್ಟಿಗಳಿಂದ ನೀರು ಹೊರಹಾಕಿ ಮೇಲೇಳಲಾಗದೆ ಹೋದರೆ, ಒಳಗಿನವರಿಗೆ ಇರುವುದು ನಿಮಿಷಗಳು.