ಹಳೆಯ ಮಿಯಾಟಾಗೆ ಶಾಕ್ ಮಾತ್ರ ಹಾಕಿದರೆ ಸಾಕೇ, ಸ್ಪ್ರಿಂಗೂ ಬದಲಿಸಬೇಕೇ?

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. 1996ರ ಮಾಜ್ದಾ ಮಿಯಾಟಾ ಕೊಂಡಿದ್ದೇನೆ. ರಸ್ತೆಯಲ್ಲಿ ಉಬ್ಬು ಸಿಕ್ಕರೆ ದಾಟಿದ ಮೇಲೂ ಎರಡು ಮೂರು ಸಲ ತೂಗುತ್ತದೆ. ತಿರುವಿನಲ್ಲಿ ಗುಂಡಿ ಸಿಕ್ಕರೆ ಹಿಂಭಾಗ ಪಕ್ಕಕ್ಕೆ ಜಿಗಿದಂತಾಗುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಬದಲಿಸಲೇ, ಸ್ಪ್ರಿಂಗ್ ಕೂಡ ಹಾಕಬೇಕೇ? ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ನಾಲ್ಕೂ ಶಾಕ್ ಬದಲಿಸಿ. ಸ್ಪ್ರಿಂಗ್ ಮುರಿದಿಲ್ಲ, ತುಕ್ಕು ಆಳವಾಗಿ ತಿಂದಿಲ್ಲ, ಕಾರು ಒಂದು ಪಕ್ಕಕ್ಕೆ ಕುಸಿದಿಲ್ಲ ಅಂದರೆ ಹಳೆಯ ಸ್ಪ್ರಿಂಗನ್ನೇ ಉಳಿಸಿಕೊಳ್ಳಿ. ಅದರಲ್ಲಿ ಉಳಿಯುವ ಹಣವನ್ನು ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಫೋಮ್ ತುಂಡು), ಮೇಲಿನ ಮೌಂಟ್ (ಶಾಕ್ ತಲೆಯನ್ನು ಬಾಡಿಗೆ ಕೂರಿಸುವ ಭಾಗ), ರಬ್ಬರ್ ಬುಷ್ (ಕೀಲಿನ ರಬ್ಬರ್ ಬಳೆ), ಧೂಳು ತಡೆಯುವ ಬೂಟ್ ಇವಕ್ಕೆ ಹಾಕಿ. ಹೊಸ ಶಾಕ್ ಹಾಕಿಸಿದ ಮೇಲೂ ಕಾರು ಕುಟ್ಟುತ್ತಿದೆ ಅನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಈ ಸಣ್ಣ ಸಾಮಾನುಗಳಲ್ಲೇ. ಕೆಲಸ ಮನೆಯಲ್ಲೇ ಆಗುತ್ತದೆ. ಮೊದಲ ಸಲ ಮಾಡುವವರಿಗೆ ಒಂದು ಪೂರ್ತಿ ದಿನ, ಜೊತೆಗೆ ಇನ್ನೊಬ್ಬರ ಕೈ ಬೇಕು.

ಇಲ್ಲಿ ಹೇಳುವುದೆಲ್ಲ 1989ರಿಂದ 1997ರವರೆಗಿನ ಎನ್‌ಎ ಮತ್ತು 1998ರಿಂದ 2005ರವರೆಗಿನ ಎನ್‌ಬಿ ಮಾದರಿಗಳಿಗೆ. ಎರಡರಲ್ಲೂ ನಾಲ್ಕು ಚಕ್ರಕ್ಕೂ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಚಕ್ರವನ್ನು ಹಿಡಿಯಲು ಮೇಲೊಂದು, ಕೆಳಗೊಂದು ತೋಳು, ಅಂದರೆ ಆರ್ಮ್), ಶಾಕ್‌ನ ಸುತ್ತಲೇ ಸ್ಪ್ರಿಂಗ್.

ಸ್ಪ್ರಿಂಗ್ ಹೊರುವುದು ಕಾರಿನ ಭಾರವನ್ನು. ಆ ಉಕ್ಕಿನ ಗಡಸುತನ ಇಪ್ಪತ್ತೈದು ವರ್ಷ ಓಡಿದರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸ್ವಲ್ಪ ಕುಸಿಯಬಹುದು, ಅಷ್ಟೆ. ಸ್ಪ್ರಿಂಗಿನ ತೂಗಾಟವನ್ನು ತಡೆಯುವುದು ಶಾಕ್‌ನ ಕೆಲಸ. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ಹಾಯಿಸಿ ಚಲನೆಯನ್ನು ಶಾಖವಾಗಿ ಮಾಡುತ್ತದೆ. ಸೀಲ್ ಸವೆಯುವುದು, ಗ್ಯಾಸ್ ಸೋರುವುದು, ಎಣ್ಣೆ ಹಾಳಾಗುವುದು ಎಲ್ಲವೂ ಇಲ್ಲೇ. ನೀವು ಹೇಳಿದ ತೂಗಾಟ, ಜಿಗಿತ ಎರಡೂ ಸತ್ತ ಶಾಕ್‌ನ ಲಕ್ಷಣ. ಗುಂಡಿಯಿಂದ ಎದ್ದ ಟೈರನ್ನು ಮತ್ತೆ ನೆಲಕ್ಕೆ ಕೂರಿಸುವವರಿಲ್ಲದೆ ಅದು ಕ್ಷಣಕಾಲ ಹಿಡಿತ ಬಿಡುತ್ತದೆ. ಆ ಕ್ಷಣದಲ್ಲೇ ಹಿಂಭಾಗ ಪಕ್ಕಕ್ಕೆ ಸರಿಯುವುದು.

ಬಾನೆಟ್ ಮೂಲೆ ಅದುಮಿ ಬಿಟ್ಟು ನೋಡುವ ಪರೀಕ್ಷೆಯನ್ನು ನಂಬಬೇಡಿ. ಪೂರ್ತಿ ಸತ್ತಿರುವ ಶಾಕ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸವೆದದ್ದು ಪಾಸಾಗಿಬಿಡುತ್ತದೆ. ಬೂಟ್ ಮೇಲೆತ್ತಿ ಶಾಫ್ಟ್ (ಶಾಕ್ ಒಳಗೆ ಹೊರಗೆ ಜಾರುವ ಸರಳು) ನೋಡಿ: ತೆಳುವಾದ ಎಣ್ಣೆ ಪೊರೆ ಸಹಜ, ಮೈಯೆಲ್ಲ ಒದ್ದೆಯಾಗಿ ಮಣ್ಣು ಮೆತ್ತಿದ್ದರೆ ಸೀಲ್ ಹೋಗಿದೆ. ಟೈರಿನ ಮೇಲೆ ಅಂಗೈ ಸವರಿದಾಗ ಒಂದೊಂದು ಕಡೆ ತಗ್ಗು, ಒಂದೊಂದು ಕಡೆ ಉಬ್ಬು ಸಿಕ್ಕರೆ ಅದೂ ಸಾಕ್ಷಿ. ಸ್ಪ್ರಿಂಗ್ ಪರೀಕ್ಷೆಗೆ ಟೇಪ್ ಸಾಕು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಎಡಬಲ ವ್ಯತ್ಯಾಸ 10 ಮಿ.ಮೀ. ದಾಟಿದರೆ ಸ್ಪ್ರಿಂಗನ್ನು ಅನುಮಾನಿಸಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಿಮ್ಮ ಕಡೆ ಇನ್ನೊಂದು ವಿಷಯ: ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಕೆಳಗಿನ ಕೊನೆಯ ಸುತ್ತಿನಲ್ಲಿ, ಸ್ಪ್ರಿಂಗ್ ಕೂರುವ ಸೀಟಿನಲ್ಲಿ ಕೆಸರು ನಿಲ್ಲುವ ಜಾಗದಲ್ಲಿ. ಅಲ್ಲಿ ತಂತಿ ಬ್ರಷ್ ಹಾಕಿ ಉಜ್ಜಿ ನೋಡಿ. ಬಣ್ಣ ಹೋಗಿ ಗುಳಿ ಬಿದ್ದಿದ್ದರೆ ಆ ಜೋಡಿಯನ್ನು ಬದಲಿಸಿ. ಒಂದನ್ನೇ ಬದಲಿಸಬೇಡಿ.

ಬಂಪ್ ಸ್ಟಾಪ್ ಎಂಬ ಇನ್ನೊಂದು ಸ್ಪ್ರಿಂಗ್

ಮಿಯಾಟಾ ಸಸ್ಪೆನ್ಷನ್ ಮೇಲಕ್ಕೆ ಚಲಿಸಲು ಇರುವ ಜಾಗವೇ ಕಡಿಮೆ. ಶಾಫ್ಟಿನ ಸುತ್ತ ಇರುವ ಮೆತ್ತನೆಯ ಫೋಮ್ ತುಂಡು ಬಂಪ್ ಸ್ಟಾಪ್. ದೊಡ್ಡ ಗುಂಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಕಾಯುವುದು ಅದರ ಕೆಲಸ ಎಂದು ಎಲ್ಲರಿಗೂ ಗೊತ್ತು. ಆದರೆ ಈ ಕಾರಿನಲ್ಲಿ, ಅದರಲ್ಲೂ ಎನ್‌ಎ ಮಾದರಿಯಲ್ಲಿ, ಸಾಧಾರಣ ತಿರುವಿನಲ್ಲೂ ಕಾರು ಅದರ ಮೇಲೆ ಒರಗುತ್ತದೆ. ಒರಗಿದಷ್ಟೂ ಅದು ಗಡಸಾಗುತ್ತ ಹೋಗುತ್ತದೆ. ಅಂದರೆ ಅದೂ ಸ್ಪ್ರಿಂಗೇ.

ಎರಡು ರೀತಿಯಲ್ಲಿ ಇದು ಕೆಡುತ್ತದೆ. ಒಂದು, ವಯಸ್ಸಾಗಿ ಪುಡಿಯಾಗುವುದು. ಬೂಟ್ ತೆಗೆದರೆ ಕೈಗೆ ಬರುವುದು ಹಳದಿ ಪುಡಿ ಮಾತ್ರ. ಈ ಸ್ಥಿತಿಯಲ್ಲಿ ಹೊಸ ಶಾಕ್ ಹಾಕಿದರೆ ಗುಂಡಿಯ ಪೆಟ್ಟು ನೇರ ಶಾಕ್ ಮೇಲೆ ಬಿದ್ದು ಅದೂ ಬೇಗ ಹಾಳಾಗುತ್ತದೆ. ಎರಡು, ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಹಾಕಿ ಹಳೆಯ ಉದ್ದ ಬಂಪ್ ಸ್ಟಾಪನ್ನೇ ಬಿಡುವುದು. ಆಗ ಕಾರು ನಿಂತಲ್ಲೇ ಅದರ ಮೇಲೆ ಕೂತಿರುತ್ತದೆ. ಓಡಿಸಿದರೆ ಪ್ರತಿ ಉಬ್ಬಿಗೂ ಟಣ್ ಎನ್ನುತ್ತದೆ. ಮಾಲೀಕರು ಬೈಯುವುದು ಹೊಸ ಸ್ಪ್ರಿಂಗಿನ ಗಡಸುತನಕ್ಕೆ, ತಪ್ಪು ಮಾಡುತ್ತಿರುವುದು ಬಂಪ್ ಸ್ಟಾಪ್.

ಇದನ್ನು ಕಣ್ಣಾರೆ ನೋಡಬಹುದು. ಜೋಡಣೆ ಮುಗಿಸುವ ಮೊದಲು ಶಾಫ್ಟಿಗೆ ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು ಶಾಕ್ ದೇಹದ ತುದಿಗೆ ತಾಗುವಂತೆ ಇಳಿಸಿ, ಬೂಟ್ ಇಲ್ಲದೆ ಒಂದು ಸುತ್ತು ಓಡಿಸಿ ಬನ್ನಿ. ಶಾಕ್ ಎಷ್ಟು ಕುಗ್ಗಿತೋ ಅಷ್ಟು ಮೇಲಕ್ಕೆ ಟೈ ಸರಿದಿರುತ್ತದೆ. ಅದು ಬಂಪ್ ಸ್ಟಾಪ್ ಒಳಕ್ಕೆ ಎಷ್ಟು ದೂರ ಹೋಗಿದೆ ಎಂಬುದೇ ಉತ್ತರ.

ಎನ್‌ಎ ಮಾಲೀಕರಿಗೆ ಇದಕ್ಕೆ ಒಳ್ಳೆಯ ಪರಿಹಾರವಿದೆ. ಎನ್‌ಬಿ ಮಾದರಿಯ ಮೇಲಿನ ಮೌಂಟ್‌ಗಳು ಎನ್‌ಎ ಕಾರಿಗೂ ಕೂರುತ್ತವೆ. ಅವುಗಳ ವಿನ್ಯಾಸದಿಂದ ಶಾಕ್‌ಗೆ ಮೇಲಕ್ಕೆ ಚಲಿಸಲು ಹೆಚ್ಚು ಜಾಗ ಸಿಗುತ್ತದೆ. ಹೇಗೂ ನಿಮ್ಮ ಹಳೆಯ ಮೌಂಟ್ ಬದಲಿಸಬೇಕಲ್ಲ, ಎನ್‌ಬಿ ಮೌಂಟ್, ಬುಷ್, ವಾಷರ್, ಬಂಪ್ ಸ್ಟಾಪ್ ಪೂರ್ತಿ ಸೆಟ್ಟನ್ನೇ ತರಿಸಿ. ಅರ್ಧ ಎನ್‌ಎ, ಅರ್ಧ ಎನ್‌ಬಿ ಸಾಮಾನು ಬೆರೆಸಿದರೆ ವಾಷರುಗಳ ಎತ್ತರ ಹೊಂದದೆ ಶಾಫ್ಟ್ ನಟ್ ಬಿಗಿಯಾದರೂ ಬುಷ್ ಬಿಗಿಯಾಗುವುದಿಲ್ಲ. ಆಮೇಲೆ ಕಟಕಟ ಸದ್ದು ಶುರು.

ಯಾವ ಶಾಕ್?

ದಿನಬಳಕೆಗೆ, ಹಳೆಯ ಸ್ಪ್ರಿಂಗ್ ಜೊತೆ, ಕೆವೈಬಿ ಎಕ್ಸೆಲ್-ಜಿ ಸಾಕು. ಕೋನಿ ಸ್ಪೋರ್ಟ್ ದುಬಾರಿ. ಅದರ ಹೊಂದಾಣಿಕೆ ರಿಬೌಂಡ್‌ಗೆ ಮಾತ್ರ, ಅಂದರೆ ಸ್ಪ್ರಿಂಗ್ ಬಿಚ್ಚಿಕೊಳ್ಳುವ ವೇಗಕ್ಕೆ. ಗುಂಡಿಯ ಪೆಟ್ಟನ್ನು ಅದರಿಂದ ಮೆತ್ತಗೆ ಮಾಡಲಾಗದು. ಬಿಲ್‌ಸ್ಟೈನ್ ಮೊನೊಟ್ಯೂಬ್ (ಒಂದೇ ಕೊಳವೆಯ) ಶಾಕ್. ವೇಗವಾಗಿ, ಹೆಚ್ಚು ಹೊತ್ತು ಓಡಿಸಿದರೂ ಬಿಸಿಯಾಗಿ ಸೋಲುವುದು ಕಡಿಮೆ. ಸ್ಪ್ರಿಂಗ್ ಬದಲಿಸಿಯೇ ತೀರುತ್ತೇನೆ ಅಂದರೆ ಕಾರು ಈಗಿನ ಎತ್ತರಕ್ಕಿಂತ 30 ಮಿ.ಮೀ.ಗಿಂತ ಹೆಚ್ಚು ಕೆಳಗಿಳಿಯದ ಸೆಟ್ ಆರಿಸಿ. ಅದಕ್ಕಿಂತ ತಗ್ಗಿಸಿದ ಮಿಯಾಟಾ ನೋಡಲು ಚೆಂದ, ಓಡಿಸಲು ಅಲ್ಲ. ಗಡಸು ಸ್ಪ್ರಿಂಗಿಗೆ ಕಾರ್ಖಾನೆಯ ಮಟ್ಟದ ಶಾಕ್ ಹಾಕಬೇಡಿ. ಅದಕ್ಕೆ ಆ ಸ್ಪ್ರಿಂಗನ್ನು ಹಿಡಿಯುವ ಶಕ್ತಿ ಇರುವುದಿಲ್ಲ, ಹೊಸ ಸಾಮಾನಿಗೆ ದುಡ್ಡು ಸುರಿದೂ ಹಳೆಯ ತೂಗಾಟವೇ ಉಳಿಯುತ್ತದೆ.

ಬಿಚ್ಚುವುದು

ಎರಡು ದಿನ ಮೊದಲೇ ಎಲ್ಲ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಹಿಂದಿನ ರಾತ್ರಿ ಮತ್ತೆ ಹಾಕಿ. ಶಾಕ್‌ನ ಕೆಳಗಿನ ಬೋಲ್ಟ್‌ಗಳನ್ನು ಹೊಸದಾಗಿ ತರಿಸಿಟ್ಟುಕೊಳ್ಳಿ, ಉಪ್ಪಿನ ರಸ್ತೆಯಲ್ಲಿ ಓಡಿದ ಕಾರಿನಲ್ಲಿ ಒಂದಾದರೂ ಹಿಡಿದುಕೊಂಡಿರುತ್ತದೆ. ಬೋಲ್ಟ್ ತಿರುಗುತ್ತದೆ, ಆದರೆ ಸುತ್ತಲಿನ ರಬ್ಬರ್ ತಿರುಚಿ ಮತ್ತೆ ಹಿಂದಕ್ಕೆ ಎಳೆಯುತ್ತದೆ ಅಂದರೆ ಬುಷ್‌ನ ಒಳಕೊಳವೆ ಬೋಲ್ಟಿಗೆ ಅಂಟಿದೆ. ಸುತ್ತಿಗೆ ಹಿಡಿದು ಗಂಟೆಗಟ್ಟಲೆ ಗುದ್ದಾಡಬೇಡಿ. ಹಳೆಯ ಶಾಕ್ ಹೇಗೂ ಕಸಕ್ಕೆ, ಗರಗಸದಿಂದ ಬೋಲ್ಟ್ ಸಮೇತ ಕತ್ತರಿಸಿ.

ಜಾಕಿ ಕೊಡಬೇಕಾದ್ದು ಮುಂದೆ ಕ್ರಾಸ್‌ಮೆಂಬರ್ ನಡುವಿಗೆ, ಹಿಂದೆ ಡಿಫರೆನ್ಷಿಯಲ್‌ಗೆ. ಜಾಕ್ ಸ್ಟ್ಯಾಂಡ್‌ಗಳು ಬಾಗಿಲಿನ ಕೆಳಗಿನ ಗಟ್ಟಿ ಮಾಡಿದ ಜಾಗಗಳಲ್ಲಿ. ಆ ಜಾಗ ತುಕ್ಕಿಗೆ ಮೆತ್ತಗಾಗಿದ್ದರೆ ಅಲ್ಲಿ ನಿಲ್ಲಿಸಬೇಡಿ. ಒಂದು ಚಕ್ರವನ್ನಷ್ಟೇ ಎತ್ತಿದರೆ ಸ್ವೇ ಬಾರ್ (ಎಡಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು) ಎದುರಿನ ಚಕ್ರಕ್ಕೆ ಕಟ್ಟಿಕೊಂಡು ಆರ್ಮ್ ಕೆಳಗಿಳಿಯಲು ಬಿಡುವುದಿಲ್ಲ. ಆದ್ದರಿಂದ ಎರಡೂ ಬದಿ ಎತ್ತಿ, ಎರಡೂ ಕಡೆ ಸ್ವೇ ಬಾರ್ ಲಿಂಕ್ ಬಿಚ್ಚಿ.

ಮುಂದಿನ ಶಾಕ್‌ನ ಮೇಲಿನ ಎರಡು ನಟ್‌ಗಳು ಬಾನೆಟ್ ಒಳಗೆ ಕಾಣುತ್ತವೆ, 14ರ ಸಾಕೆಟ್. ಕೆಳಗಿನ ಬೋಲ್ಟ್ 17. ಇವೆರಡನ್ನು ಬಿಚ್ಚಿದರೂ ಶಾಕ್ ಹೊರಬರುವಷ್ಟು ಜಾಗ ಸಾಲದು. ಮೇಲಿನ ಆರ್ಮ್‌ನ ಉದ್ದ ಬೋಲ್ಟನ್ನು ಎಳೆದು ಆರ್ಮನ್ನು ಹೊರಕ್ಕೆ ಒರಗಿಸುವುದೇ ಸುಲಭದ ದಾರಿ. ಒರಗಿದ ಹಬ್, ಅಂದರೆ ಚಕ್ರ ಕೂರುವ ಭಾಗವನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಿ. ಭಾರ ಬ್ರೇಕ್ ಹೋಸ್ ಮೇಲೆ ಬೀಳಕೂಡದು. ಕೆಳಗಿನ ಆರ್ಮ್‌ನ ಒಳಬದಿಯ ಬೋಲ್ಟ್‌ಗಳನ್ನು ಮುಟ್ಟಬೇಡಿ, ಅವು ಅಲೈನ್‌ಮೆಂಟ್ (ಚಕ್ರಗಳ ಕೋನ) ಹೊಂದಿಸುವ ಕ್ಯಾಮ್ ಬೋಲ್ಟ್‌ಗಳು.

ಹಿಂದಿನ ಶಾಕ್‌ನ ಮೇಲಿನ ನಟ್‌ಗಳು ಡಿಕ್ಕಿಯೊಳಗೆ. ಎಡಕ್ಕೆ ಪೆಟ್ರೋಲ್ ತುಂಬುವ ಪೈಪ್, ಅದರ ಕವರ್ ಬಿಚ್ಚಬೇಕು. ಬಲಕ್ಕೆ ಬ್ಯಾಟರಿ. ಸ್ಪ್ಯಾನರ್ ಜಾರಿ ಟರ್ಮಿನಲ್‌ಗೂ ಬಾಡಿಗೂ ತಾಗಿದರೆ ಕಿಡಿ ಹಾರುತ್ತದೆ, ಆದ್ದರಿಂದ ಮೊದಲೇ ನೆಗೆಟಿವ್ ತಂತಿ ತೆಗೆಯಿರಿ. ಇಲ್ಲಿ ಇನ್ನೊಬ್ಬರು ಆರ್ಮನ್ನು ಕಾಲಿಂದ ಕೆಳಕ್ಕೆ ಒತ್ತಿ ಹಿಡಿದರೆ ಶಾಕ್ ಓರೆಯಾಗಿ ಹೊರಬರುತ್ತದೆ.

ಸ್ಪ್ರಿಂಗ್ ಬೇರ್ಪಡಿಸುವಾಗ ಮಾತ್ರ ಆತುರ ಬೇಡವೇ ಬೇಡ. ಒತ್ತಿಕೊಂಡಿರುವ ಸ್ಪ್ರಿಂಗನ್ನು ತಡೆದಿರುವುದು ಶಾಫ್ಟ್ ಮೇಲಿನ ಒಂದೇ ನಟ್. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಅದನ್ನು ಬಿಚ್ಚಿದರೆ ಮೌಂಟ್ ಗುಂಡಿನಂತೆ ಹಾರುತ್ತದೆ, ಜೀವ ಹೋಗಬಹುದು. ಎರಡು ಕಂಪ್ರೆಸರನ್ನು ಎದುರುಬದುರು ಹಾಕಿ, ಒಂದಕ್ಕೆ ಎರಡು ಸುತ್ತು, ಇನ್ನೊಂದಕ್ಕೆ ಎರಡು ಸುತ್ತು ಹೀಗೆ ಕೈಯಿಂದಲೇ ಬಿಗಿಯಿರಿ. ಮೌಂಟಿನ ಮುಖ ಯಾರ ಕಡೆಗೂ ಇರಬಾರದು. ಸ್ಪ್ರಿಂಗ್ ಸೀಟಿನಲ್ಲಿ ಸಡಿಲವಾಗಿ ತಿರುಗತೊಡಗಿದ ಮೇಲಷ್ಟೇ ನಟ್‌ಗೆ ಕೈ ಹಾಕಿ. ಇದಕ್ಕೂ ಮೊದಲು, ಮೌಂಟಿನ ಎರಡು ಸ್ಟಡ್‌ಗಳು ಶಾಕ್ ಕೆಳತುದಿಯ ಬೋಲ್ಟ್ ತೂರುವ ಕಣ್ಣಿಗೆ ಯಾವ ಕೋನದಲ್ಲಿವೆ ಎಂದು ಬಣ್ಣದಿಂದ ಗೆರೆ ಎಳೆದು ಫೋಟೊ ತೆಗೆದಿಡಿ. ವಾಷರುಗಳ ಕ್ರಮಕ್ಕೂ ಫೋಟೊ.

ಜೋಡಿಸುವುದು

ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯ) ಶಾಕನ್ನು ನೇರವಾಗಿ ನಿಲ್ಲಿಸಿ ಮೂರು ನಾಲ್ಕು ಸಲ ಪೂರ್ತಿ ಒತ್ತಿ ಎಳೆಯಿರಿ. ಮಲಗಿಸಿ ಸಾಗಿಸಿದ್ದರಿಂದ ಒಳಕೊಳವೆಗೆ ಸೇರಿದ ಗಾಳಿ ಹೊರಹೋಗುತ್ತದೆ. ಹೊಸ ಶಾಫ್ಟನ್ನು ಪ್ಲೈಯರ್‌ನಲ್ಲಿ ಹಿಡಿಯಲೇಬೇಡಿ, ಉಗುರಿಗೆ ಸಿಗುವಷ್ಟು ಗೀರೂ ಸೀಲನ್ನು ಹರಿಯುತ್ತದೆ. ತುದಿಯಲ್ಲಿರುವ ಚಪ್ಪಟೆ ಭಾಗವನ್ನು ಹಿಡಿದು ನಟ್ ಬಿಗಿಯಿರಿ. ಇಂಪ್ಯಾಕ್ಟ್ ಗನ್ ಬೇಡ. ಶಾಫ್ಟ್ ಗಿರಗಿರ ತಿರುಗಿದರೆ ಒಳಗಿನ ಪಿಸ್ಟನ್ ಜೋಡಣೆಗೇ ಪೆಟ್ಟು. ಈ ನಟ್‌ನ ಟಾರ್ಕ್ (ಎಷ್ಟು ಬಿಗಿಯಬೇಕೆಂಬ ಅಳತೆ) ಶಾಕ್ ಪೆಟ್ಟಿಗೆಯ ಕಾಗದದಲ್ಲಿರುತ್ತದೆ, ಅದನ್ನೇ ಪಾಲಿಸಿ. ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ಕೂತಿದೆಯೇ, ಸ್ಟಡ್‌ಗಳು ಗೆರೆಗೆ ಹೊಂದಿವೆಯೇ ನೋಡಿಕೊಂಡು ಕಂಪ್ರೆಸರ್ ಸಡಿಲಿಸಿ. ಆಮೇಲೆ ತಿರುಗಿಸಲು ಹೊರಟರೆ ಮತ್ತೆ ಮೊದಲಿಂದ.

ಮೇಲಿನ ನಟ್‌ಗಳಿಗೆ 30ರಿಂದ 36 ನ್ಯೂಟನ್ ಮೀಟರ್. ಕೆಳಗಿನ ಬೋಲ್ಟಿಗೆ 73ರಿಂದ 93, ಮುಂದಿನ ಮೇಲಿನ ಆರ್ಮ್ ಬೋಲ್ಟಿಗೆ 118ರಿಂದ 137, ಚಕ್ರದ ನಟ್‌ಗಳಿಗೆ 88ರಿಂದ 118. ಆದರೆ ರಬ್ಬರ್ ಬುಷ್ ಮೂಲಕ ಹೋಗುವ ಬೋಲ್ಟ್‌ಗಳನ್ನು, ಅಂದರೆ ಶಾಕ್‌ನ ಕೆಳಗಿನದು ಮತ್ತು ಆ ಉದ್ದ ಬೋಲ್ಟು, ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬೇಡಿ. ರಬ್ಬರ್ ಒಳಕೊಳವೆಗೂ ಹೊರಕೊಳವೆಗೂ ಅಂಟಿರುತ್ತದೆ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ಕಾರು ಕೆಳಗಿಳಿದಾಗ ಆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಕಾರು ಎತ್ತರ ನಿಲ್ಲುತ್ತದೆ, ಗಡಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಜಾಕಿಯಿಂದ ಆ ಮೂಲೆಯ ಕೆಳಗಿನ ಆರ್ಮನ್ನು ಎತ್ತಿ, ಮೊದಲು ಬರೆದಿಟ್ಟ ಚಕ್ರದಿಂದ ಫೆಂಡರಿನ ಅಳತೆ ಬಂದಾಗ ಕೊನೆಯ ಟಾರ್ಕ್ ಕೊಡಿ. ಎತ್ತುವಾಗ ಕಾರು ಸ್ಟ್ಯಾಂಡಿನಿಂದ ಏಳಬಾರದು. ಎದ್ದರೆ ಅಲ್ಲಿಗೇ ನಿಲ್ಲಿಸಿ, ಚಕ್ರ ಹಾಕಿ ನೆಲಕ್ಕಿಳಿಸಿ ಬಿಗಿಯಿರಿ. ಸ್ವೇ ಬಾರ್ ಲಿಂಕ್ ಕೊನೆಗೆ.

ಹಳೆಯ ಸ್ಪ್ರಿಂಗನ್ನೇ ಉಳಿಸಿಕೊಂಡು ಎತ್ತರ ಬದಲಾಗದಿದ್ದರೂ ಅಲೈನ್‌ಮೆಂಟ್ ಒಮ್ಮೆ ನೋಡಿಸಿ, ತಗ್ಗಿಸಿದ್ದರೆ ಮಾಡಿಸಲೇಬೇಕು. ರಸ್ತೆ ಬಳಕೆಗೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ) ಮುಂದೆ ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮುಂದೆ ಸೊನ್ನೆ, ಹಿಂದೆ ಎರಡೂ ಚಕ್ರ ಸೇರಿ ಒಂದೂವರೆ ಮಿ.ಮೀ. ಒಳಮುಖ. ಹಗುರ ಕಾರು, ಚಾಲಕರ ತೂಕಕ್ಕೂ ಅಳತೆ ಕದಲುತ್ತದೆ, ಸೀಟಿನಲ್ಲಿ ನಿಮ್ಮಷ್ಟೇ ಭಾರ ಇಟ್ಟು ಮಾಡಿಸಿ. ಕ್ಯಾಮ್ ಬೋಲ್ಟ್‌ಗಳಿಗೂ ತುಕ್ಕಿನ ಎಣ್ಣೆ ಹಾಕಿಯೇ ಕಳಿಸಿ.

ಮೊದಲ 150 ಕಿ.ಮೀ. ಆದ ಮೇಲೆ ಮೇಲಿನ ನಟ್‌ಗಳಿಗೆ, ಚಕ್ರದ ನಟ್‌ಗಳಿಗೆ ಮತ್ತೆ ಟಾರ್ಕ್ ರೆಂಚ್ ಹಿಡಿಯಿರಿ. ನಿಧಾನದಲ್ಲಿ ಸಣ್ಣ ಉಬ್ಬಿಗೆ ಕಟ್ ಎನ್ನುತ್ತಿದ್ದರೆ ಶಾಫ್ಟ್ ನಟ್ ಅಥವಾ ಬಿಟ್ಟುಹೋದ ವಾಷರ್ ನೋಡಿ. ಸ್ಟಿಯರಿಂಗ್ ನೇರವಿದ್ದು ಒಂದೇ ಚಕ್ರ ಗುಂಡಿಗಿಳಿದಾಗ ಮಾತ್ರ ಸದ್ದು ಬಂದರೆ ಮೊದಲು ಸ್ವೇ ಬಾರ್ ಲಿಂಕ್ ಅಲುಗಾಡಿಸಿ ನೋಡಿ.